ರುಬ್ಬುಗುಂಡು ಮತ್ತು ಒಂದು ಬಾಗಿಲು

ಸುಬ್ರಮಣಿ ಮೇಷ್ಟ್ರಿಗೆ ಮನೆ ಕಟ್ಟಿಸುವ ಹುಚ್ಚು ಹಿಡಿದದ್ದು ತಪ್ಪೇನಲ್ಲ. ರಿಟೈರ್ ಆಗುವ ವಯಸ್ಸಿನಲ್ಲಿ ಕೆಲವರಿಗೆ ಅದಕ್ಕಿಂತ ಕೆಟ್ಟ ಹುಚ್ಚುಗಳು ಹಿಡಿಯುತ್ತವೆ. ಎಡವಟ್ಟಾದದ್ದು ಎಲ್ಲಿ ಅಂದರೆ, ಅವರು ಡ್ರಾಯಿಂಗ್ ಮೇಷ್ಟ್ರು. ಯಲಹಂಕದ ಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಕಪ್ಪುಹಲಗೆಯ ಮೇಲೆ ಒಂದೇ ಮನೆ ಬರೆದವರು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೆಂಚಿನ ಮನೆ, ಮನೆಗೆ ಆತುಕೊಂಡು ಒಂದು ಮರ. ಇಷ್ಟು ಸಾವಿರ ಮನೆ ಬರೆದ ಮನುಷ್ಯ ಸ್ವತಃ ಇದ್ದದ್ದು ಮಾತ್ರ ಬಾಡಿಗೆ ಮನೆಗಳಲ್ಲಿ. ಆರ್.ಟಿ. ನಗರದಲ್ಲಿ ಎರಡು, ಯಶವಂತಪುರದಲ್ಲಿ ಒಂದು, ಕೊನೆಗೆ ಯಲಹಂಕದ ಹಳೇ ಊರಿನಲ್ಲಿ ಒಂದು ಶೀಟಿನ ಮನೆ. ಅಲ್ಲಿ ಗುಡ್ಡವೂ ಇರಲಿಲ್ಲ, ಮರವೂ ಇರಲಿಲ್ಲ, ಸೂರ್ಯ ಮಾತ್ರ ಬೆಳಗ್ಗೆಯಿಂದ ಸಂಜೆಯವರೆಗೆ ಶೀಟಿನ ಮೇಲೆಯೇ ಕೂತಿರುತ್ತಿದ್ದ.

ಹುಣಸಮಾರನಹಳ್ಳಿಯಲ್ಲಿ ಅವರಪ್ಪನ ಪಾಲಿನಿಂದ ಬಂದ ಒಂದು ಸೈಟಿತ್ತು. ಪಾಲಾಗುವಾಗ ದೊಡ್ಡಪ್ಪನ ಮಗ ಶೇಖರಪ್ಪ ರೋಡಿಗೆ ಮುಖ ಮಾಡಿದ್ದನ್ನೆಲ್ಲ ತಾನಿಟ್ಟುಕೊಂಡು, ಹಿಂದಿನದನ್ನು ಇವರಿಗೆ ಬಿಟ್ಟಿದ್ದ. ಅದರ ನಟ್ಟನಡುವೆ ಒಂದು ಬೇವಿನ ಮರ. ಎರಡು ಸಾವಿರದ ಹದಿನೈದರ ಬೇಸಿಗೆಯಲ್ಲಿ ಮೇಷ್ಟ್ರು ಆ ಮರದ ಕೆಳಗೆ ನಿಂತು ತಲೆಯೆತ್ತಿ ನೋಡಿದರು. ಇಪ್ಪತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದ ಮರ ಇದೇ ಅನ್ನಿಸಿ ಕಣ್ಣು ತುಂಬಿ ಬಂತು. (ಅವರ ಹೆಂಡತಿ ಮುನಿಯಲ್ಲಮ್ಮ ಮಾತ್ರ ಬೇವಿನ ಹೂವಿನ ಧೂಳು ಬಿದ್ದಿರಬೇಕು ಅಂದಳು.)

ಮುನಿಯಲ್ಲಮ್ಮನಿಗೆ ಮರವೂ ಬೇಕಿರಲಿಲ್ಲ, ಗುಡ್ಡವೂ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಒಂದು, ಅಡಿಗೆಮನೆಗೆ ಬಾಗಿಲು. ಮದುವೆಯಾದಾಗಿನಿಂದ ಅವಳ ಅಡಿಗೆಮನೆಗಳಿಗೆಲ್ಲ ಹಳೇ ಸೀರೆಯ ಪರದೆಯೇ ಗತಿ. ಟ್ಯೂಷನ್ ಹುಡುಗರಿಂದ ಹಿಡಿದು ಓನರಿನ ತನಕ ಯಾರು ಬಂದರೂ ಪರದೆಯಲ್ಲಿ ತಲೆ ತೂರಿಸಿ, "ಏನಮ್ಮ ಇವತ್ತು ಸಾರು?" ಅನ್ನುವವರೇ. ಎಲ್ಲರಿಗೂ ಬಡಿಸಿ, ಆಮೇಲೆ ಗೋಡೆ ಕಡೆ ತಿರುಗಿ ನಿಂತೇ ನಾಲ್ಕು ತುತ್ತು ನುಂಗಿ ಕೈ ತೊಳೆಯುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

"ನೋಡ್ರೀ, ನನಗೆ ಗ್ರಾನೈಟು ಬೇಡ, ಚಿಮ್ನಿ ಬೇಡ" ಅಂದಿದ್ದಳು ಅವಳು. "ಅಡಿಗೆಮನೆಗೆ ಒಂದು ಬಾಗ್ಲು, ಒಳಗಡೆಯಿಂದ ಒಂದು ಚಿಲಕ. ನಮ್ಮಮ್ಮ ಕೊಟ್ಟಿರೋ ಒರಳುಕಲ್ಲು ಕೂರ್ಸೋಕೆ ಒಂದು ಮೂಲೆ. ಒಂದು ದಿನಾನಾದ್ರೂ ನೆಲದ ಮೇಲೆ ಕೂತು, ಯಾರ ಮುಖಾನೂ ನೋಡ್ದೆ ಉಣ್ಬೇಕು."

"ಅಷ್ಟೇ ತಾನೆ, ಬಿಡು" ಅಂದರು ಮೇಷ್ಟ್ರು.

ಮನೆಯ ನಕ್ಷೆ ಮಾಡಿದವಳು ಹರ್ಷಿತಾ. ಎಂಟನೇ ಕ್ಲಾಸಿನಲ್ಲಿ ಇದೇ ಮೇಷ್ಟ್ರ ಕೈಯಲ್ಲಿ ಗುಡ್ಡ, ಸೂರ್ಯ, ಮನೆ ಬರೆದು ಮೊದಲ ಬಹುಮಾನ ತೆಗೆದುಕೊಂಡಿದ್ದ ಹುಡುಗಿ ಈಗ ಆರ್ಕಿಟೆಕ್ಟ್ ಆಗಿದ್ದಳು. ಸೈಟಿಗೆ ಬಂದವಳೇ ಮರವನ್ನು ತಬ್ಬಿಕೊಂಡಳು.

"ಸರ್, ಈ ಗಾಜಿನ ಡಬ್ಬಿಗಳೆಲ್ಲ ನಮ್ಮ ಹವಾಮಾನಕ್ಕಲ್ಲ. ಮರ ಮಧ್ಯದಲ್ಲೇ ಇರ್ಲಿ, ಸುತ್ತ ಮನೆ ಬರ್ಲಿ. ನೈರುತ್ಯದ ಗಾಳಿ ಮರದ ಕೆಳಗೆ ತಂಪಾಗಿ, ಅಡಿಗೆಮನೆ ಮೂಲಕ ಆಚೆ ಹೋಗುತ್ತೆ. ಕಾಂಪೌಂಡ್ ಬೇಡ, ಗೇಟ್ ಬೇಡ. ಒಳಗೆ ಯಾವ್ದು, ಹೊರಗೆ ಯಾವ್ದು ಅಂತ ಗೊತ್ತೇ ಆಗ್ಬಾರ್ದು. ಮನೆ ಉಸಿರಾಡ್ಬೇಕು ಸರ್."

"ಮನೆ ಉಸಿರಾಡ್ಲಿ ಕಣಮ್ಮ" ಅಂದಳು ಮುನಿಯಲ್ಲಮ್ಮ. "ನಾನೆಲ್ಲಿ ಉಸಿರಾಡ್ಲಿ? ಅಡಿಗೆಮನೆ ಬಾಗ್ಲು ಎಲ್ಲಿದೆ ಇದರಲ್ಲಿ?"

"ಆಂಟಿ, ಅಲ್ಲಿ ಬಾಗ್ಲಿಟ್ರೆ ಗಾಳಿ ಕಟ್ ಆಗುತ್ತೆ."

ಮುನಿಯಲ್ಲಮ್ಮ ಗಂಡನ ಮುಖ ನೋಡಿದಳು. ಮೇಷ್ಟ್ರು ಶಿಷ್ಯೆಯ ಮುಖ ನೋಡಿದರು, ನಕ್ಷೆ ನೋಡಿದರು, ಮರ ನೋಡಿದರು. ಹೆಂಡತಿಯ ಕಡೆ ಮಾತ್ರ ನೋಡಲಿಲ್ಲ.

"ಆಮೇಲೆ ಹಾಕ್ಸೋಣ ಬಿಡು" ಅಂದರು.

ಇಲ್ಲಿ ಮೇಷ್ಟ್ರ ಸ್ವಭಾವದ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಈ ಮನುಷ್ಯ ಹುಟ್ಟಿದಾರಭ್ಯ ಯಾರಿಗೂ ಎದುರಿಗೆ ನಿಂತು 'ಇಲ್ಲ' ಅಂದವರಲ್ಲ. ಬಾಡಿಗೆ ಏರಿಸಿದ ಓನರುಗಳಿಗೆ ಅನ್ನಲಿಲ್ಲ, ಪಾಲು ಮಾಡಿದ ಶೇಖರಪ್ಪನಿಗೆ ಅನ್ನಲಿಲ್ಲ. ಇಡೀ ಬದುಕಿನಲ್ಲಿ ಅವರಿಗೆ ಧೈರ್ಯವಾಗಿ 'ಆಮೇಲೆ ನೋಡೋಣ' ಅನ್ನಲು ಸಿಕ್ಕವಳು ಮುನಿಯಲ್ಲಮ್ಮ ಒಬ್ಬಳೇ.

ಕೆಲಸ ಶುರುವಾಯಿತು. ದಸ್ತಗೀರ್ ಮೇಸ್ತ್ರಿ ಮಣ್ಣಿನ ಇಟ್ಟಿಗೆಯ ಗೋಡೆಗಳನ್ನು ಎದೆಯೆತ್ತರಕ್ಕೆ ಎಬ್ಬಿಸಿದ. ಒರಳುಕಲ್ಲು ಭಾರವೆಂದು ಅದನ್ನೂ ಅದರ ರುಬ್ಬುಗುಂಡನ್ನೂ ಮೊದಲೇ ತಂದು ಶೆಡ್ಡಿನಲ್ಲಿ ಗೋಣಿಚೀಲ ಮುಚ್ಚಿ ಇಟ್ಟಿದ್ದರು. ಅಷ್ಟರಲ್ಲಿ ಒಂದು ದಿನ ಪಕ್ಕದ ಸೈಟಿನಿಂದ ಶೇಖರಪ್ಪ ಬಂದ.

"ಸುಬ್ರಮಣಿ, ನಿನ್ನ ಮರದ ಬೇರು ನನ್ನ ಕಾಂಪೌಂಡ್ ಸೀಳ್ತಾ ಐತೆ ಕಣಪ್ಪ. ಗುರುವಾರ ಕುಯ್ಯೋರನ್ನ ಕರ್ಕೊಂಡ್ ಬತ್ತೀನಿ. ನಿಂಗೇನೂ ಖರ್ಚಿಲ್ಲ."

"ಆಗ್ಲಿ ಅಣ್ಣ" ಅಂದರು ಮೇಷ್ಟ್ರು. ಅಂದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಮರ ಹೋದರೆ ನಕ್ಷೆಯೇ ಇಲ್ಲ, ನಕ್ಷೆ ಇಲ್ಲದಿದ್ದರೆ ಇಪ್ಪತ್ತೊಂಬತ್ತು ವರ್ಷದ ಮನೆಯೇ ಇಲ್ಲ. ಹಾಗಂತ ಶೇಖರಪ್ಪನಿಗೆ ಹೋಗಿ ಬೇಡ ಅನ್ನಲು ಬಾಯಿ ಬರಬೇಕಲ್ಲ. ತನ್ನ ಬಾಯಿ ಬಾರದ ಕಡೆ ಮನುಷ್ಯ ಯಾರನ್ನು ಮುಂದೆ ಬಿಡುತ್ತಾನೋ ಮೇಷ್ಟ್ರೂ ಅವನನ್ನೇ ಬಿಟ್ಟರು. ದೇವರನ್ನು.

ಬುಧವಾರ ಸ್ಕೂಲು ಮುಗಿಸಿ ನೇರವಾಗಿ ಸೈಟಿಗೆ ಬಂದವರು, ಗೋಣಿಚೀಲ ಸರಿಸಿ ರುಬ್ಬುಗುಂಡನ್ನು ಎತ್ತಿಕೊಂಡು ಮರದ ಬುಡಕ್ಕೆ ಹೋದರು.

"ಸಾರ್, ಇದು ಮೇಡಮ್ಮೋರ್ದು ರುಬ್ಬೋ ಗುಂಡು ಅಲ್ವಾ?" ಅಂದ ದಸ್ತಗೀರ್.

"ನಾಳೆ ಒಂದು ದಿನದ ಮಟ್ಟಿಗೆ ಕಣಪ್ಪ. ಸ್ವಲ್ಪ ಸಿಮೆಂಟ್ ಹಾಕಿ ನಿಲ್ಸು."

"ಒಂದು ದಿನಕ್ಕೆ ಸಿಮೆಂಟ್ ಯಾಕೆ ಸಾರ್?"

"ಅಲ್ಲಾಡಿದ್ರೆ ಯಾರೂ ನಂಬಲ್ಲ."

ದಸ್ತಗೀರ್ ಕೆಲಸಗಾರ. ಹಾಕು ಅಂದರೆ ಮುಕ್ಕಾಲು ಅಡಿ ಆಳಕ್ಕೆ ಹಾಕುವವನು. ಗುಂಡು ನೆಟ್ಟಗೆ ನಿಂತಿತು. ಮೇಷ್ಟ್ರು ಅರಿಶಿನ ಬಳಿದರು, ಕುಂಕುಮ ಇಟ್ಟರು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇಷ್ಟು ದೂರ ಬರುತ್ತಿರಲಿಲ್ಲವೋ ಏನೋ. ಆದರೆ ಒಳಗಿದ್ದ ಡ್ರಾಯಿಂಗ್ ಮೇಷ್ಟ್ರು ಸುಮ್ಮನಿರಬೇಕಲ್ಲ. ಚೀಲದಿಂದ ಬ್ರಶ್ಶು ತೆಗೆದು, ಬಿಳಿ, ಕಪ್ಪು, ಒಂದಿಷ್ಟು ಕೆಂಪು ಕಲೆಸಿ, ಎರಡು ಕಣ್ಣು ಬರೆದರು. ಅಂಥ ಕಣ್ಣನ್ನು ಅವರು ಜನ್ಮದಲ್ಲಿ ಬರೆದಿರಲಿಲ್ಲ. ಎಲ್ಲಿ ನಿಂತರೂ ನಮ್ಮನ್ನೇ ನೋಡುವ ಕಣ್ಣು. ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದವರಿಗೆ ತಾವೇ ಬರೆದದ್ದೆಂದು ಗೊತ್ತಿದ್ದೂ ಕೈಗಳು ತಾವಾಗಿಯೇ ಜೋಡಿಗೊಂಡವು.

ಗುರುವಾರ ಮರ ಕುಯ್ಯುವವರು ಗರಗಸ ಕೆಳಗಿಟ್ಟು ಚಪ್ಪಲಿ ಬಿಟ್ಟರು. ಶೇಖರಪ್ಪ ಹುಬ್ಬು ಗಂಟಿಕ್ಕಿ, "ಇದ್ಯಾವಾಗ ಬಂತು?" ಅಂದ.

"ತಾತನ ಕಾಲದ್ದು ಅಣ್ಣ. ಪಾಯ ತೋಡುವಾಗ ಸಿಕ್ತು. ಮುನೇಶ್ವರ" ಅಂದರು ಮೇಷ್ಟ್ರು.

ಶೇಖರಪ್ಪನ ತಾಯಿ, ಎಂಬತ್ತು ದಾಟಿದ ದೊಡ್ಡಮ್ಮ ಮುನಿಕೆಂಪಮ್ಮ ಕೋಲೂರಿಕೊಂಡು ಬಂದು ಬಗ್ಗಿ ನೋಡಿದಳು. ಮೇಷ್ಟ್ರ ಜೀವ ಬಾಯಿಗೆ ಬಂತು.

"ಊಂ ಕಣಪ್ಪ" ಅಂದಳು ಮುದುಕಿ. "ನಾನು ಮದ್ವೆಯಾಗಿ ಬಂದಾಗ ಇಲ್ಲೇ ಇದ್ದ. ಇದೇ ಕಣ್ಣು. ಎಲ್ಲೋದ ಅಂತ ಇಷ್ಟು ವರ್ಷ ಅನ್ಕೋತಿದ್ದೆ." ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರ ಉಳಿಯಿತು. ಆದರೆ ಗುಂಡು ಮತ್ತೆ ಏಳಲಿಲ್ಲ. ಮೊದಲನೆಯದಾಗಿ ಸಿಮೆಂಟು ದಸ್ತಗೀರನದು. ಎರಡನೆಯದಾಗಿ ದೊಡ್ಡಮ್ಮ ಮರುದಿನದಿಂದಲೇ ಹೂವು ಇಡಲು ಬರತೊಡಗಿದಳು.

ಹದಿನೈದು ದಿನ ಕಳೆದು ಮುನಿಯಲ್ಲಮ್ಮ ಸೈಟಿಗೆ ಬಂದವಳು ಮೊದಲು ನೋಡಿದ್ದೇ ಶೆಡ್ಡು. "ರೀ, ಒರಳು ಇದೆ, ಗುಂಡು ಎಲ್ಲಿ?"

"ಗುಂಡಾ? ಇರ್ಲಿಲ್ವಲ್ಲ. ಸಾಮಾನು ತಂದೋರು ಎಲ್ಲೋ ಬೀಳಿಸ್ಕೊಂಡಿರ್ಬೇಕು."

"ನನ್ನ ತಲೆ ಮೇಲೆ ಕೈಯಿಟ್ಟು ಹೇಳಿ."

ಮೇಷ್ಟ್ರು ಕೈಯಿಟ್ಟು ಹೇಳಿದರು. ಆಮೇಲೆ ಅವಳು ಮರದ ಕಡೆ ಹೋಗಿ ಮುನೇಶ್ವರನಿಗೆ ಕೈ ಮುಗಿದು, ಬಹಳ ಹೊತ್ತು ಅವನ ಮುಖವನ್ನೇ ನೋಡುತ್ತ ನಿಂತಳು. ದೇವರಲ್ಲಿ ಭಕ್ತಿ ಬಂತಲ್ಲ ಎಂದು ಮೇಷ್ಟ್ರು ನೆಮ್ಮದಿಯ ನಿಟ್ಟುಸಿರು ಬಿಟ್ಟರು.

ಮಾರನೆಯ ವರ್ಷ ಆಷಾಢ ಕಳೆದು ಗೃಹಪ್ರವೇಶವಾಯಿತು. ಬಂದ ನೆಂಟರೆಲ್ಲ ಇಟ್ಟಿಗೆ ಗೋಡೆ ಮುಟ್ಟಿ ನೋಡಿ, "ಗಾರೆ ಆಮೇಲೆ ಮಾಡಿಸ್ತೀರಾ?" ಅಂದರು. ಕೆಲವರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು, ಕಷ್ಟ ಎಲ್ಲರಿಗೂ ಬರುತ್ತೆ ಎಂದು ಬೆನ್ನು ತಟ್ಟಿದರು. ಮನೆಯೇನೋ ಭರ್ಜರಿಯಾಗಿ ಉಸಿರಾಡಿತು. ಎಷ್ಟು ಭರ್ಜರಿ ಅಂದರೆ, ಹಾಲು ಉಕ್ಕಿಸಲು ಹಚ್ಚಿದ ಒಲೆ ಏಳು ಸಲ ಆರಿತು. ಮುಹೂರ್ತ ಮೀರುತ್ತಿದೆ ಎಂದು ಐನೋರು ಚಡಪಡಿಸಿದಾಗ ದಸ್ತಗೀರ್ ಎರಡು ಪ್ಲೈವುಡ್ ಹಲಗೆ ತಂದು ಅಡಿಗೆಮನೆಗೆ ಅಡ್ಡ ಹಿಡಿದು ನಿಂತ. ಆಗ ಹಾಲು ಉಕ್ಕಿತು.

"ನೋಡಿದ್ರಾ, ಬಾಗ್ಲಿದ್ರೆ ಹಾಲು ಉಕ್ಕುತ್ತೆ" ಅಂದಳು ಮುನಿಯಲ್ಲಮ್ಮ, ಎಲ್ಲರಿಗೂ ಕೇಳುವ ಹಾಗೆ.

"ಆಮೇಲೆ ಹಾಕ್ಸೋಣ" ಅಂದರು ಮೇಷ್ಟ್ರು, ಯಾರಿಗೂ ಕೇಳದ ಹಾಗೆ.

ಇನ್ನು ಆ ಮನೆಯ ಸುಖವನ್ನು ಕೇಳಿ. ಇಡೀ ಮನೆಗೆ ಇದ್ದದ್ದು ಎರಡೇ ಬಾಗಿಲು, ಮಲಗುವ ಕೋಣೆಗೊಂದು, ಬಚ್ಚಲಿಗೊಂದು, ಅದರಲ್ಲೂ ಒಳಚಿಲಕ ಇದ್ದದ್ದು ಬಚ್ಚಲಿನದಕ್ಕೆ ಮಾತ್ರ. ಅಂಗಳ ಆಕಾಶಕ್ಕೆ ತೆರೆದಿತ್ತು, ಏರ್‌ಪೋರ್ಟು ಹತ್ತಿರವಾದ್ದರಿಂದ ಆಕಾಶದ ತುಂಬ ವಿಮಾನಗಳಿದ್ದವು. ಹತ್ತು ನಿಮಿಷಕ್ಕೊಂದು ತಲೆ ಮೇಲೆ ಹೋಗುವಾಗ ಗಂಡ ಹೆಂಡತಿ ಜಗಳವನ್ನು ಅರ್ಧಕ್ಕೆ ನಿಲ್ಲಿಸಿ, ಅದು ದಾಟಿದ ಮೇಲೆ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ಮುಂದುವರಿಸುತ್ತಿದ್ದರು. ಬೇವಿನ ಹಣ್ಣು ಸಾರಿಗೆ ಬೀಳುತ್ತಿತ್ತು. ಮಳೆ ಬಂದರೆ ನಡುಮನೆಯಿಂದ ಅಡಿಗೆಮನೆಗೆ ಕೊಡೆ ಹಿಡಿದು ಹೋಗಬೇಕಿತ್ತು. ಇದನ್ನೆಲ್ಲ ಮೇಷ್ಟ್ರು ಸಹಿಸಿದರು, ಸಹಿಸಿದ್ದಷ್ಟೇ ಅಲ್ಲ, ಪ್ರಕೃತಿಯ ಮಡಿಲು ಎಂದು ಹೊಗಳಿದರು. ರಿಟೈರಾದ ಮೇಲೆ ಒಂದು ಮಧ್ಯಾಹ್ನ ಬೇವಿನ ನೆರಳಿನಲ್ಲಿ ಆರಾಮಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿದಾಗ, ಬದುಕಿನಲ್ಲಿ ಇನ್ನೇನೂ ಬೇಡ ಅನ್ನಿಸಿತ್ತು ಅವರಿಗೆ. ಅಂಥ ಮಧ್ಯಾಹ್ನಗಳು ಲೆಕ್ಕಕ್ಕೆ ಮೂರು ಸಿಕ್ಕಿದವು.

ನಾಲ್ಕನೆಯದು ಶುಕ್ರವಾರ. ಕಣ್ಣು ಬಿಟ್ಟರೆ ಸುತ್ತ ಹನ್ನೊಂದು ಜನ ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದರು. "ಕುರ್ಚಿ ಸ್ವಲ್ಪ ಆ ಕಡೆಗೆ ಹಾಕ್ಕೊಳ್ಳಿ ಮೇಷ್ಟ್ರೇ, ಅಡ್ಡ ಆಗ್ತಿದೆ" ಅಂದಳು ಒಬ್ಬಳು. ಗೇಟಿಲ್ಲ, ಕಾಂಪೌಂಡಿಲ್ಲ. ಒಳಗೆ ಯಾವುದು, ಹೊರಗೆ ಯಾವುದು ಎಂದು ಗೊತ್ತಾಗಬಾರದು ಎಂದು ತಾನೆ ಕಟ್ಟಿಸಿದ್ದು? ಗೊತ್ತಾಗಲಿಲ್ಲ, ಬಂದರು.

ಬಾಗಲೂರಿನ ಒಬ್ಬಳಿಗೆ ಹರಕೆ ಫಲಿಸಿತಂತೆ. ಚಿಕ್ಕಜಾಲದ ಒಬ್ಬನ ಸೈಟಿನ ಕೇಸು ಗೆದ್ದಿತಂತೆ. ಆಮೇಲೆ ಏರ್‌ಪೋರ್ಟ್ ಟ್ಯಾಕ್ಸಿ ಡ್ರೈವರುಗಳಿಗೆ ಸುದ್ದಿ ಮುಟ್ಟಿತು. ಹೊಸ ಗಾಡಿ ತಂದವರೆಲ್ಲ ಚಕ್ರಕ್ಕೆ ನಿಂಬೆಹಣ್ಣಿಡಲು ಹೈವೇ ಬಿಟ್ಟು ಇತ್ತ ತಿರುಗತೊಡಗಿದರು. ಒಬ್ಬ ದೇವರಿಗೆಂದು ಬೀಡಿ ಹಚ್ಚಿ ಇಟ್ಟು ಹೋದ, ಇನ್ನೊಬ್ಬ ಕ್ವಾರ್ಟರ್ ಬಾಟಲಿ ಇಟ್ಟ. ಕಾರ್ತಿಕ ಕಳೆದು ಒಂದು ಭಾನುವಾರ ಕುರಿಮರಿಯನ್ನೇ ತಂದು ಕಡಿದರು, ಅಲ್ಲೇ ಮೂರು ಕಲ್ಲು ಹೂಡಿ ಬೇಯಿಸಿದರು. ಉಪ್ಪು ಕೇಳಲು, ಚಾಕು ಕೇಳಲು, ನೀರು ಕೇಳಲು ಜನ ಸೀದಾ ಅಡಿಗೆಮನೆಗೇ ನುಗ್ಗುತ್ತಿದ್ದರು. ಮೊದಲಾದರೂ ಒಂದು ಪರದೆ ಇತ್ತು. ಮುನಿಯಲ್ಲಮ್ಮ ಈಗ ಬಚ್ಚಲಿಗೆ ತಟ್ಟೆ ಒಯ್ದು, ಒಳಗಿನಿಂದ ಚಿಲಕ ಹಾಕಿಕೊಂಡು ಉಣ್ಣುತ್ತಿದ್ದಳು. ಅದನ್ನು ಒಂದು ದಿನ ಮೇಷ್ಟ್ರು ಕಣ್ಣಾರೆ ನೋಡಿದರು. ಹೇಳಬೇಕು, ನಿಜ ಹೇಳಿಬಿಡಬೇಕು ಅಂದುಕೊಂಡರು. ಆಮೇಲೆ ಹೇಳೋಣ ಎಂದೂ ಅಂದುಕೊಂಡರು.

ಹರ್ಷಿತಾಳಿಗೆ ಫೋನು ಮಾಡಿದರು. ಅವಳು ಫೋಟೋಗ್ರಾಫರನ್ನು ಕರೆದುಕೊಂಡೇ ಬಂದಳು.

"ಸರ್, ಎಷ್ಟು ಚೆನ್ನಾಗಿದೆ. ಊರೇ ಮನೆಯೊಳಗೆ ಬಂದಿದೆ. ನಾವು ಇಷ್ಟು ಪ್ಲಾನ್ ಮಾಡಿರ್ಲಿಲ್ಲ."

"ಒಂದು ಗೋಡೆ ಹಾಕೋಕಾಗುತ್ತಾಮ್ಮ?"

"ಅಯ್ಯೋ ಸರ್, ಗೋಡೆ ಹಾಕಿದ್ರೆ ಕಾನ್ಸೆಪ್ಟೇ ಹೋಗುತ್ತೆ." ಫೋಟೋಗಳು ಒಂದು ದೊಡ್ಡ ಮ್ಯಾಗಝೀನಿನಲ್ಲಿ ಬಂದವು. ಒಂದರಲ್ಲಿ ಮೇಷ್ಟ್ರೂ ಇದ್ದರು, ಮೂಲೆಯಲ್ಲಿ, ಯಾರದೋ ಚಪ್ಪಲಿಗಳ ರಾಶಿಯ ಪಕ್ಕ.

ಎರಡು ಸಾವಿರದ ಹದಿನೇಳರ ಯುಗಾದಿ ಕಳೆದ ಭಾನುವಾರ ಶೇಖರಪ್ಪ ಅಂಗಳದಲ್ಲಿ ಸಭೆ ಕರೆದ. ಯಾರ ಅಂಗಳ ಎಂದು ಕೇಳುವವರಿರಲಿಲ್ಲ. ಊರಿನ ಹತ್ತಿಪ್ಪತ್ತು ಜನ ಜಮಖಾನದ ಮೇಲೆ ಕೂತರು. ಸಮಿತಿಗೆ ತಾನೇ ಅಧ್ಯಕ್ಷ ಎಂದ. ಮೇಲೆ ಶೀಟು ಹೊದಿಸಬೇಕು, ಗಂಟೆ ಕಟ್ಟಬೇಕು, ಮೈಕು ಬೇಕು ಎಂದ. ಮೇಷ್ಟ್ರ ಆರಾಮಕುರ್ಚಿಯನ್ನು ಎತ್ತಿ ಹಿಂದಕ್ಕೆ ಹಾಕಿಸಿದ್ದ.

ಶೀಟು ಎಂದು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರೊಳಗೆ ಏನೋ ಕಿತ್ತುಕೊಂಡು ಬಂತು. ಜೀವಮಾನದಲ್ಲಿ ಮೊದಲ ಸಲ ಎದ್ದು ನಿಂತು, ಶೇಖರಪ್ಪನ ಮುಖ ನೋಡಿ, ಗಟ್ಟಿಯಾಗಿ ಹೇಳಿಬಿಟ್ಟರು. ಹೇಳುವ ಹೊತ್ತಿಗೆ ಸರಿಯಾಗಿ ತಲೆ ಮೇಲೆ ವಿಮಾನ ಹೋಯಿತು.

"ಏನಂದೆ?" ಅಂದ ಶೇಖರಪ್ಪ.

ಎರಡನೆಯ ಸಲ ಹೇಳುವಾಗ ಮೊದಲಿನ ಧೈರ್ಯದಲ್ಲಿ ಕಾಲು ಭಾಗ ಉಳಿದಿತ್ತು. "ಅಣ್ಣ, ತಪ್ಪಾಯ್ತು. ಅದು ಮುನೇಶ್ವರ ಅಲ್ಲ. ನಮ್ಮನೆ ರುಬ್ಬುಗುಂಡು. ನೀನು ಮರ ಕುಯ್ಯಿಸ್ಬಾರ್ದು ಅಂತ ನಾನೇ ನಿಲ್ಸಿದ್ದು. ಕಣ್ಣೂ ನಾನೇ ಬರ್ದಿದ್ದು."

ದೊಡ್ಡಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಏನ್ ಮಾತಾಡ್ತೀಯೋ ಸುಬ್ರಮಣಿ? ಅವ್ನ ಕಣ್ಣ ನೀನು ಬರೆಯಕ್ಕಾಯ್ತದಾ? ಮೈಗೆ ಉಸಾರಿಲ್ವಾ ನಿಂಗೆ?"

"ದಸ್ತಗೀರ್ ಇದ್ದ, ಅವ್ನನ್ನೇ ಕೇಳಿ" ಅಂದರು ಮೇಷ್ಟ್ರು.

ಶೀಟಿನ ಅಳತೆಗೆಂದು ಬಂದಿದ್ದ ದಸ್ತಗೀರ್ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. "ನಂದು ಸಿಮೆಂಟ್ ಕೆಲ್ಸ ಸಾರ್. ಯಾವ್ದು ಕಲ್ಲು, ಯಾವ್ದು ದೇವ್ರು ಅಂತ ನನ್ನ ಕೇಳ್ಬೇಡಿ. ನಾನು ಮಕ್ಕಳೊಂದಿಗ."

"ಮುನಿಯಲ್ಲಿ" ಎಂದು ಕೂಗಿದರು ಮೇಷ್ಟ್ರು. "ನೀನಾದ್ರೂ ಹೇಳೇ. ನಿಮ್ಮಮ್ಮನ ಗುಂಡು ಅಲ್ವಾ ಅದು?"

ಮುನಿಯಲ್ಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಸಭೆಯೆಲ್ಲ ಅವಳ ಕಡೆ ತಿರುಗಿತು. ಅವಳು ಮರದ ಬುಡಕ್ಕೆ ಹೋಗಿ ಬಗ್ಗಿದಳು. ಗುಂಡಿನ ಎಡಗಡೆ ಕೆಳಗೆ, ಅರಿಶಿನದ ಅಡಿಯಲ್ಲಿ ಹೆಬ್ಬೆರಳಿನಷ್ಟು ಚಕ್ಕೆ ಎದ್ದ ಜಾಗವೊಂದಿತ್ತು. ಅವಳು ಏಳು ವರ್ಷದವಳಿದ್ದಾಗ ಕಲ್ಲುಚಪ್ಪಡಿಯ ಮೇಲೆ ಬೀಳಿಸಿ ಎದ್ದ ಚಕ್ಕೆ. ಆ ಜಾಗದ ಮೇಲೆ ಬೆರಳಾಡಿಸಿದಳು. ನೋಡದೆಯೇ ಬೆರಳು ಅಲ್ಲಿಗೆ ಹೋಯಿತು. ಆಗ ಮೇಷ್ಟ್ರಿಗೆ ಅರ್ಥವಾಯಿತು, ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಕೈ ಮುಗಿದು ನಿಂತಾಗಲೇ ಗೊತ್ತಿತ್ತು.

"ನಮ್ಮ ಗುಂಡು ಕಳೆದೋಯ್ತಲ್ಲ" ಅಂದಳು ಅವಳು, ಎದ್ದು ನಿಂತು. "ಸಾಮಾನು ತಂದೋರು ಬೀಳಿಸ್ಕೊಂಡ್ರಂತೆ. ಇವ್ರೇ ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ್ರು. ಅಲ್ವೇನ್ರೀ?"

ಮೇಷ್ಟ್ರು ತಲೆಯೆತ್ತಿ ಆಕಾಶ ನೋಡಿದರು. ಈ ಸಲ ವಿಮಾನವೂ ಬರಲಿಲ್ಲ.

"ಭಾವ" ಎಂದು ಅವಳು ಶೇಖರಪ್ಪನ ಕಡೆ ತಿರುಗಿದಳು. "ಶೀಟು ಹಾಕ್ಸಿ, ಗಂಟೆ ಕಟ್ಸಿ, ನಂದೇನೂ ಅಡ್ಡಿಯಿಲ್ಲ. ಆದ್ರೆ ದೇವ್ರ ಕಣ್ಣೆದುರಿಗೆ ನಾನು ಮುಸುರೆ ತಿಕ್ಕೋದು ಸರಿಯಲ್ಲ. ಅಡಿಗೆಮನೆ, ಮಲಗೋ ಕೋಣೆ ಸೇರಿಸಿ ಒಂದು ಗೋಡೆ ಏಳ್ಬೇಕು. ಅದಕ್ಕೊಂದು ಬಾಗ್ಲು. ಒಳಗಡೆಯಿಂದ ಚಿಲಕ."

"ನ್ಯಾಯವಾದ ಮಾತು ಕಣಮ್ಮ" ಅಂದ ಶೇಖರಪ್ಪ. "ದಸ್ತಗೀರ್, ಮೊದ್ಲು ಅದನ್ನ ಮಾಡು."

ಮೂವತ್ತು ವರ್ಷದಲ್ಲಿ ಗಂಡನ ಕೈಲಾಗದ ಕೆಲಸ ಹೀಗೆ ಎರಡು ನಿಮಿಷದಲ್ಲಿ ಆಯಿತು. ದಸ್ತಗೀರ್ ಐದು ದಿನದಲ್ಲಿ ಗೋಡೆ ಎಬ್ಬಿಸಿ, ಗಾರೆಯನ್ನೂ ಮಾಡಿ, ಹೊನ್ನೆ ಮರದ ಗಟ್ಟಿ ಬಾಗಿಲು ನಿಲ್ಲಿಸಿದ. ಅಷ್ಟರೊಳಗೆ ಸಮಿತಿಯವರು ಅಂಗಳಕ್ಕೆ ಶೀಟೂ ಹೊದಿಸಿದರು, ಗಾಳಿ ಪೂರ್ತಿ ನಿಂತುಹೋಯಿತು. ಆರನೆಯ ದಿನ ಮಧ್ಯಾಹ್ನ ಮುನಿಯಲ್ಲಮ್ಮ ಗಂಡನಿಗೆ ಅಂಗಳದಲ್ಲೇ ಬಡಿಸಿದಳು. ಆಮೇಲೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಮಣೆ ಎಳೆದ ಸದ್ದು, ತಟ್ಟೆ ನೆಲಕ್ಕಿಟ್ಟ ಸದ್ದು ಈಚೆಗೆ ಕೇಳಿತು. ಅದಾದ ಮೇಲೆ ಬಹಳ ಹೊತ್ತು ಯಾವ ಸದ್ದೂ ಬರಲಿಲ್ಲ.

ಮೇಷ್ಟ್ರು ಹೊಸ ಶೀಟಿನ ಕೆಳಗೆ ಬೆವರೊರೆಸಿಕೊಳ್ಳುತ್ತ ಕೂತಿದ್ದರು. ಗುಂಡು ಅವರನ್ನೇ ನೋಡುತ್ತಿತ್ತು. ಕುರ್ಚಿ ಎತ್ತಿ ಬೇರೆ ಕಡೆ ಹಾಕಿಕೊಂಡರು, ಅಲ್ಲಿಗೂ ನೋಡಿತು. ಅಷ್ಟರಲ್ಲಿ ಹೊಸ ಟ್ಯಾಕ್ಸಿಯೊಂದು ಬಂದು ನಿಂತಿತು.

"ಪೂಜಾರ್ರೇ, ನಿಂಬೆಹಣ್ಣು ಮರ್ತು ಬಂದ್ಬಿಟ್ಟೆ. ನಾಲ್ಕಿದ್ರೆ ಕೊಡಿ, ಏರ್‌ಪೋರ್ಟಿಗೆ ಅರ್ಜೆಂಟಿದೆ" ಅಂದ ಡ್ರೈವರು.

ಮೇಷ್ಟ್ರಿಗೆ ತಾನು ಪೂಜಾರಿಯಲ್ಲ ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ. ಎದ್ದು ಹೋಗಿ ತಮ್ಮ ಮನೆಯ ಬಾಗಿಲನ್ನು ಮೆಲ್ಲಗೆ ತಟ್ಟಿದರು.

"ಮುನಿಯಲ್ಲಿ, ದೇವ್ರಿಗೆ ನಾಲ್ಕು ನಿಂಬೆಹಣ್ಣು ಬೇಕಿತ್ತು ಕಣೇ."

ಒಳಗೆ ಅವಳು ತುತ್ತು ನುಂಗುವ ತನಕ ಕಾಯಬೇಕಾಯಿತು.

"ಅಡಿಗೆಮನೆಯಿಂದ ದೇವ್ರಿಗೆ ಕೊಡೋದು ಒಂದು ಸಲ ಆಗಿದೆಯಲ್ಲ" ಅಂದಳು. "ನಾನು ಉಣ್ತಾ ಇದೀನಿ. ಆಮೇಲೆ ನೋಡೋಣ."

ಮೇಷ್ಟ್ರು ತಿರುಗಿದರು. ಡ್ರೈವರು ಆಗಲೇ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಿದ್ದ.